ಮೊದಲ ಗೇಮು ಚಿಕ್ಕಮ್ಮನದ್ದು

ನನ್ನ ಚಿಕ್ಕಮ್ಮ ಬ್ಯಾಡ್ಮಿಂಟನ್ನಿನಲ್ಲಿ ಇವತ್ತಿನವರೆಗೆ ಯಾರಿಗೂ ಸೋತವಳಲ್ಲ. ಹೀಗೆಂದು ಹೇಳುವವಳು ಚಿಕ್ಕಮ್ಮನೇ. ಸ್ಕೋರ್ ಬರೆದವರು ಬೇರೆ ಹೇಳಿಯಾರು, ಜೊತೆಗೆ ಆಡಿದ ನಾನಂತೂ ಖಂಡಿತ ಬೇರೆಯೇ ಹೇಳುತ್ತೇನೆ. ಆದರೆ ಅವಳ ವಾದ ಇಷ್ಟು: ಕೋರ್ಟಿಗೆ ಇಳಿಯುವಾಗ ಏನು ಗೊತ್ತಿತ್ತೋ ಅಷ್ಟನ್ನೇ ಇಟ್ಟುಕೊಂಡು ಹೊರಗೆ ಬಂದರೆ ಅದು ಸೋಲು. ಒಂದಾದರೂ ಹೊಸ ಸಂಗತಿ ತಿಳಿದರೆ ಅದು ಸೋಲು ಹೇಗಾಗುತ್ತದೆ? ಇಪ್ಪತ್ತೊಂದಕ್ಕೆ ಬರೀ ಆರು ಅಂಕ ಪಡೆದು ಹೊರಬಿದ್ದ ದಿನವೂ ಅವಳು ಮುಖ ಅರಳಿಸಿಕೊಂಡೇ ನೀರಿನ ಬಾಟಲಿ ಬಾಯಿಗಿಟ್ಟವಳು. ಪಕ್ಕದಲ್ಲಿ ಟವೆಲ್ಲಿನೊಳಗೆ ಮುಖ ಹುಗಿದು ಕೂತವಳು ನಾನು.

ಚಿಕ್ಕಮ್ಮ ಅಂದ ಕೂಡಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ನಡುವಯಸ್ಸಿನ ಹೆಂಗಸೊಬ್ಬಳು ನಿಮ್ಮ ಕಣ್ಣೆದುರು ಬಂದಿದ್ದರೆ ದಯವಿಟ್ಟು ಅವಳನ್ನು ವಾಪಸು ಕಳಿಸಿಬಿಡಿ. ನನ್ನ ಚಿಕ್ಕಮ್ಮ ನನಗಿಂತ ಮೂರು ತಿಂಗಳು ಚಿಕ್ಕವಳು. ನನ್ನ ಅಮ್ಮ ಮೊದಲ ಹೆರಿಗೆಗೆಂದು ಪುಂಜಾಲಕಟ್ಟೆಯ ತವರಿಗೆ ಬಂದಾಗ ಅಜ್ಜಿಯೂ ಬಸುರಿ. ನಲವತ್ತು ದಾಟಿದ ಅಜ್ಜಿ ನಾಚಿಕೆಯಿಂದ ಆರು ತಿಂಗಳು ಯಾವ ಮದುವೆಗೂ ಹೋಗಲಿಲ್ಲವಂತೆ. ನಾನು ಹುಟ್ಟಿದೆ, ಮೂರು ತಿಂಗಳಿಗೆ ಅವಳು ಹುಟ್ಟಿದಳು. ಒಂದೇ ಹಂಡೆಯ ಬಿಸಿನೀರಿನಲ್ಲಿ ಮೊದಲು ಮೊಮ್ಮಗಳಿಗೆ ಸ್ನಾನ, ಆಮೇಲೆ ಮಗಳಿಗೆ. "ನನ್ನ ಸರದಿ ಬರುವಾಗ ನೀರು ಎಷ್ಟು ತಣ್ಣಗಾಗ್ತಿತ್ತು?" ಅಂತ ಅವಳು ಅಜ್ಜಿಯ ಹತ್ತಿರ ಈಗಲೂ ಕೇಳುವುದುಂಟು. ಅದರಲ್ಲಿ ದೂರು ಏನೂ ಇಲ್ಲ. ಅವಳಿಗೆ ನಿಜಕ್ಕೂ ಗೊತ್ತಾಗಬೇಕು.

ಅದೇ ಅವಳ ಕಾಯಿಲೆ. ಅವಳಿಗೆ ಎಲ್ಲವೂ ಗೊತ್ತಾಗಬೇಕು. ನಮ್ಮ ಸಂಬಂಧಿಕರ ಮದುವೆಯೊಂದರಲ್ಲಿ, ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಮದುಮಗಳ ಕಿವಿಯ ಹತ್ತಿರ ಬಾಗಿ, "ಅಷ್ಟು ಜನ ಒಟ್ಟಿಗೆ ಕೈ ಮೇಲೆ ನೀರು ಬಿಟ್ಟರೆ ಕಚಗುಳಿ ಆಗ್ತದಾ?" ಅಂತ ಕೇಳಿದಳು. ಅಲ್ಲಿಯವರೆಗೆ ಗಂಭೀರವಾಗಿ ತಲೆ ತಗ್ಗಿಸಿದ್ದ ಮದುಮಗಳು ಕಿಸಕ್ಕನೆ ನಕ್ಕು, ಕೈ ಅಲುಗಿ, ತೆಂಗಿನಕಾಯಿ ಉರುಳಿ, ಪುರೋಹಿತರು ಮಂತ್ರ ಎಲ್ಲಿಗೆ ನಿಲ್ಲಿಸಿದ್ದು ಅಂತ ಹುಡುಕುವ ಹಾಗಾಯಿತು. ವಿಡಿಯೋದಲ್ಲಿ ಅದು ಇವತ್ತಿಗೂ ಉಂಟು. ಮದುಮಗಳು ನಗುತ್ತಾಳೆ, ಹಿಂದೆ ನನ್ನ ಚಿಕ್ಕಮ್ಮ ಉತ್ತರಕ್ಕೆ ಕಾಯುತ್ತಾ ನಿಂತಿದ್ದಾಳೆ.

ಇಂಥವಳು ಡಿಗ್ರಿ ಮುಗಿಸಿ ಎಂ.ಕಾಂ.ಗೆ ಸೇರಿದಳು. "ಇಷ್ಟು ಪ್ರಶ್ನೆ ಕೇಳುವವಳು ವಿಜ್ಞಾನ ಅಲ್ಲವಾ ತೆಗೆದುಕೊಳ್ಳಬೇಕಾದದ್ದು?" ಅಂತ ನಾನು ಕೇಳಿದ್ದಕ್ಕೆ, "ನನಗೆ ಗೊತ್ತಿಲ್ಲದ್ದು ಕಾಮರ್ಸಿನಲ್ಲೇ ಜಾಸ್ತಿ ಇತ್ತು" ಅಂದಳು. ನಾನು ಕೆಮಿಸ್ಟ್ರಿಗೆ ಸೇರಿದೆ. ಇಬ್ಬರೂ ಮೂಡುಬಿದಿರೆಯಲ್ಲಿ, ಒಂದೇ ವಿಶ್ವವಿದ್ಯಾಲಯ, ಒಂದೇ ಹಾಸ್ಟೆಲು, ಅಮ್ಮನ ಶಿಫಾರಸಿನಿಂದ ಒಂದೇ ಕೋಣೆ. "ಚಿಕ್ಕಮ್ಮ ಜೊತೆಗಿದ್ದಾಳಲ್ಲ, ನನಗೆ ಧೈರ್ಯ" ಅಂತ ಅಮ್ಮ ನೆರೆಕರೆಯವರ ಹತ್ತಿರ ಹೇಳಿದ್ದಳು. ಆ ಚಿಕ್ಕಮ್ಮ ಮೊದಲ ದಿನವೇ ವಾರ್ಡನ್ನಿನ ಹತ್ತಿರ "ಈ ಹಾಸ್ಟೆಲಿನಿಂದ ಓಡಿಹೋದವರು ಯಾವ ದಾರಿಯಲ್ಲಿ ಓಡಿದ್ದು?" ಅಂತ ಕೇಳಿ, ನಮಗಿಬ್ಬರಿಗೂ ಆಫೀಸಿನ ಎದುರಿನ ಕೋಣೆ ಸಿಗುವಂತೆ ಮಾಡಿದಳು.

ಬ್ಯಾಡ್ಮಿಂಟನ್ ಕ್ಲಬ್ಬಿಗೆ ಸೇರಬೇಕು ಅಂತ ಇದ್ದದ್ದು ನನಗೆ. ನಾನು ಬೆಳ್ತಂಗಡಿಯಲ್ಲಿ ಹೈಸ್ಕೂಲಿನಿಂದ ಆಡಿದವಳು, ತಾಲೂಕು ಮಟ್ಟದಲ್ಲಿ ಎರಡು ಸಲ ಗೆದ್ದವಳು. ನನ್ನ ಆಸೆ ಒಂದೇ, ಕೋಟು. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದವರಿಗೆ ಎದೆಯ ಮೇಲೆ ಲಾಂಛನ ಹೊಲಿದ ಕಡುನೀಲಿ ಕೋಟು ಕೊಡುತ್ತಿದ್ದರು. ನಮ್ಮ ಊರಿನ ಸೆಕೆಗೆ ಹತ್ತಿಯ ಅಂಗಿಯೇ ಜಾಸ್ತಿ. ಕೋಟು ಹಾಕುವವರೆಂದರೆ ಆರತಕ್ಷತೆಯ ದಿನದ ಮದುಮಗ ಮಾತ್ರ, ಅವನೂ ಫೋಟೋ ಮುಗಿದ ಕೂಡಲೇ ತೆಗೆದುಬಿಡುತ್ತಾನೆ. ಆದರೂ ನನಗೆ ಅದು ಬೇಕಿತ್ತು. ಆಡಿದ್ದು ಆಟವೇ, ಸಮಯ ಹಾಳು ಮಾಡಿದ್ದಲ್ಲ ಅಂತ ಮನೆಯಲ್ಲಿ ತೋರಿಸಲಿಕ್ಕೆ ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ.

ಆಯ್ಕೆಯ ದಿನ ಚಿಕ್ಕಮ್ಮ ನನ್ನ ಜೊತೆ ಬಂದದ್ದು ಸುಮ್ಮನೆ ನೋಡಲಿಕ್ಕೆ. ಒಳಾಂಗಣ ಕ್ರೀಡಾಂಗಣದ ಬಾಗಿಲ ಹತ್ತಿರ ಕೋಚ್ ಸರ್ ಕುರ್ಚಿ ಹಾಕಿ ಕೂತು ಹೆಸರು ಬರೆಯುತ್ತಿದ್ದರು. ಸರ್ ಮಾತಾಡುವವರಲ್ಲ. ಬಂಟ್ವಾಳದ ಕಡೆಯವರು, ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ಹೋಗುವವರು. ಒಂದು ದಿನಕ್ಕೆ ಹತ್ತೋ ಹನ್ನೆರಡೋ ಮಾತು ಅವರ ಖರ್ಚು.

"ಮೊದಲು ಆಡಿದ್ದೀರಾ?" ಅಂತ ಎಲ್ಲರಿಗೂ ಕೇಳಿದ ಹಾಗೆ ಅವಳಿಗೂ ಕೇಳಿದರು.

"ಇಲ್ಲ ಸರ್. ಇವಳು ಆಡುವುದನ್ನು ನೋಡಿದ್ದೇನೆ."

"ಮತ್ತೆ ಯಾಕೆ ಬಂದದ್ದು?"

"ಶಟ್ಲನ್ನು ಹೇಗೆ ಹೊಡೆದರೂ ಅದು ತಿರುಗಿ ಮೂಗು ಮುಂದೆ ಮಾಡಿಯೇ ಹೋಗ್ತದಲ್ಲ, ಅದು ಯಾಕೆ ಅಂತ ನೋಡ್ಲಿಕ್ಕೆ."

ಸರ್ ಪೆನ್ನು ಕೆಳಗಿಟ್ಟರು. ಆ ವರ್ಷ ಹನ್ನೊಂದು ಹುಡುಗಿಯರು ಬಂದಿದ್ದರು, ಜೋಡಿ ಮಾಡಿದರೆ ಒಬ್ಬಳು ಉಳಿಯುತ್ತಿದ್ದಳು. ಅವರು ಪಟ್ಟಿ ನೋಡಿದರು, ಅವಳನ್ನು ನೋಡಿದರು, ಹನ್ನೆರಡನೆಯ ಹೆಸರು ಬರೆದರು. "ನಿಮ್ಮ ಜೋಡಿ ಯಾರು?" ಅಂದರು. ಚಿಕ್ಕಮ್ಮ ನನ್ನ ಕಡೆ ಕೈ ತೋರಿಸಿದಳು. "ಸಂಬಂಧವಾ?" "ಅಕ್ಕನ ಮಗಳು ಸರ್." ಸರ್ ನಮ್ಮಿಬ್ಬರ ಮುಖವನ್ನು ಒಂದೊಂದು ಸಲ ನೋಡಿ, ಈ ವಿಷಯದಲ್ಲಿ ಮಾತು ಖರ್ಚು ಮಾಡುವುದು ಬೇಡವೆಂದು ತೀರ್ಮಾನಿಸಿದ ಹಾಗೆ ಕಂಡಿತು. ಆ ದಿನದಿಂದ ಕ್ಲಬ್ಬಿನಲ್ಲಿ ಅವಳ ಹೆಸರೇ ಚಿಕ್ಕಮ್ಮ ಅಂತಾಯಿತು. ಜೂನಿಯರುಗಳು ಕರೆದರು, ಸೀನಿಯರುಗಳು ಕರೆದರು, ಆರು ವಾರ ತಡೆದುಕೊಂಡು ಕೊನೆಗೆ ಸರ್ ಕೂಡಾ ಕರೆದರು.

ಆಡಲಿಕ್ಕೆ ಅವಳು ಬೇಗ ಕಲಿತಳು, ಅದನ್ನು ಒಪ್ಪಬೇಕು. ಉದ್ದ ಕೈ, ಹಗುರ ಕಾಲು, ಚೆಂದದ ಕಣ್ಣಳತೆ. ಆದರೆ ಹದಿನೈದನೇ ದಿನಕ್ಕೆ ಕೋಣೆಯಲ್ಲಿ ನನ್ನ ಹೊಸ ಶಟ್ಲು ಕಾಣಲಿಲ್ಲ. ನೋಡಿದರೆ ಚಿಕ್ಕಮ್ಮ ಮಂಚದ ಮೇಲೆ ಪೇಪರು ಹಾಸಿ ಅದರ ಗರಿಗಳನ್ನೆಲ್ಲ ಕಿತ್ತು ಸಾಲಾಗಿ ಇಟ್ಟಿದ್ದಾಳೆ.

"ಹದಿನಾರು ಗರಿ" ಅಂದಳು. "ಎಲ್ಲ ಒಂದೇ ಬದಿಗೆ ಬಾಗಿದ್ದು. ಅಂದರೆ ಹಕ್ಕಿಯ ಒಂದೇ ಬದಿಯ ರೆಕ್ಕೆಯದ್ದು. ಯಾವ ಬದಿ?"

"ನನಗೆ ಹೇಗೆ ಗೊತ್ತು ಮಾರಾಯ್ತಿ? ಅದು ನನ್ನ ಹೊಸ ಶಟ್ಲು."

"ಬಾತುಕೋಳಿಯನ್ನು ನೋಡದೆ ಗೊತ್ತಾಗ್ಲಿಕ್ಕಿಲ್ಲ" ಅಂದಳು. ನನ್ನ ಮಾತಿನ ಎರಡನೇ ಭಾಗ ಅವಳಿಗೆ ಕೇಳಿಸಿಯೇ ಇರಲಿಲ್ಲ.

ಶನಿವಾರ ಊರಿಗೆ ಹೋಗುವ ಬಸ್ಸಿನಿಂದ ಅವಳು ನನ್ನನ್ನು ವೇಣೂರಿನಲ್ಲಿ ಇಳಿಸಿದಳು. ಹೊಳೆಯ ಬದಿಯಲ್ಲಿ ಕಾರ್ಮಿನ್ ಬಾಯಿ ಎಂಬವರು ಬಾತುಕೋಳಿ ಸಾಕುತ್ತಾರೆ ಅಂತ ಕಂಡಕ್ಟರಿನಿಂದ ತಿಳಿದುಕೊಂಡಿದ್ದಳು. ಕಾರ್ಮಿನ್ ಬಾಯಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದವರು ನಮ್ಮ ಬ್ಯಾಗು, ಬ್ಯಾಟು ನೋಡಿ, "ಮೊಟ್ಟೆ ಇವತ್ತಿಗೆ ಇಲ್ಲ" ಅಂದರು.

"ಮೊಟ್ಟೆ ಬೇಡ ಬಾಯಿ. ಗರಿ ಬೇಕಿತ್ತು."

"ಗರಿಯಾ? ಎಂತ ಮಾಡ್ಲಿಕ್ಕೆ, ದಿಂಬಿಗಾ?"

"ಆಡ್ಲಿಕ್ಕೆ. ಎಡಗಡೆಯ ರೆಕ್ಕೆಯದ್ದು ಹದಿನಾರು, ಬಲಗಡೆಯದ್ದು ಹದಿನಾರು. ಬೇರೆ ಬೇರೆ ಕಟ್ಟಿ ಕೊಡಬೇಕು."

ಕಾರ್ಮಿನ್ ಬಾಯಿ ಬಟ್ಟೆ ಹಿಂಡುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು, ಜೊತೆಗೆ ಬಂದವಳಿಗಾದರೂ ತಲೆ ಸರಿಯುಂಟಾ ಅಂತ. ನಾನು ನೆಲ ನೋಡಿದೆ. ಆದರೆ ಕುತೂಹಲವೆಂಬುದು ಶೀತದ ಹಾಗೆ ಒಬ್ಬರಿಂದ ಒಬ್ಬರಿಗೆ ಹತ್ತಿಕೊಳ್ಳುತ್ತದೋ ಏನೋ. ಹತ್ತು ನಿಮಿಷದಲ್ಲಿ ಕಾರ್ಮಿನ್ ಬಾಯಿ ಒಂದು ಬಾತುಕೋಳಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು ರೆಕ್ಕೆ ಬಿಡಿಸಿ ತೋರಿಸುತ್ತಿದ್ದರು, ಚಿಕ್ಕಮ್ಮ ಜೇಬಿನಿಂದ ಶಟ್ಲಿನ ಗರಿ ತೆಗೆದು ಅಳೆದು ನೋಡುತ್ತಿದ್ದಳು. "ಎಡವೇ" ಅಂತ ಇಬ್ಬರೂ ಒಟ್ಟಿಗೆ ಹೇಳಿದರು. ಬಾತುಕೋಳಿ ಏನೋ ಬೇರೆ ಹೇಳಿತು.

ಕೊಟ್ಟಿಗೆಯ ನೆಲದಲ್ಲಿ ಉದುರಿದ ಗರಿಗಳನ್ನು ಆರಿಸಿ ತಂದು ಎರಡು ಶಟ್ಲು ಮಾಡಿದಳು. ಎಡರೆಕ್ಕೆಯದ್ದು ಒಂದು, ಬಲರೆಕ್ಕೆಯದ್ದು ಒಂದು. ಎರಡೂ ಹಾರಿದವು. ಒಂದು ಹೀಗೆ ತಿರುಗಿ ಸರ್ ಕೂತ ಕುರ್ಚಿಯ ಕಡೆ ಹೋಯಿತು, ಇನ್ನೊಂದು ಹಾಗೆ ತಿರುಗಿ ಬಾಗಿಲಿನಿಂದ ಹೊರಗೆ ಹೋಯಿತು. ಸರ್ ತಮ್ಮ ಕಾಲ ಬಳಿ ಬಿದ್ದದ್ದನ್ನು ಎತ್ತಿ ಮೂಸಿ ನೋಡಿದರು. "ಇದು ಎಲ್ಲಿಯದ್ದು?" "ವೇಣೂರಿನದ್ದು ಸರ್." ಅವರು ಅದನ್ನು ಜೇಬಿಗೆ ಹಾಕಿಕೊಂಡರು. ಯಾಕೆ ಅಂತ ಈಗಲೂ ನನಗೆ ಗೊತ್ತಿಲ್ಲ. ಮನೆಯಲ್ಲಿ ತೋರಿಸಿರಬೇಕು.

ಇಷ್ಟರವರೆಗೆ ನನಗೆ ತಮಾಷೆಯೇ. ತಮಾಷೆ ಮುಗಿದದ್ದು ಪಂದ್ಯ ಶುರುವಾದ ಮೇಲೆ.

ಕ್ಲಬ್ಬಿನಲ್ಲಿ ಪ್ರಮೀಳಾ ಎಂಬ ಸೀನಿಯರು ಇದ್ದಳು. ಅವಳ ಸ್ಮ್ಯಾಶ್ ಅಂದರೆ ಶಟ್ಲು ನೆಲಕ್ಕೆ ಬಡಿದ ಶಬ್ದ ಮೊದಲು, ಆಮೇಲೆ ನಮಗೆ ಕಣ್ಣಿಗೆ ಕಾಣುವುದು. ಅವಳಿಗೆ ಎತ್ತರಕ್ಕೆ ಕೊಡಬಾರದು ಅನ್ನುವುದು ಕ್ಲಬ್ಬಿಗೆ ಸೇರಿದವರಿಗೆ ನೀರು ಎಲ್ಲಿ ಸಿಗುತ್ತದೆ ಅಂತ ತಿಳಿಯುವುದಕ್ಕಿಂತ ಮೊದಲು ತಿಳಿಯುವ ವಿಷಯ. ಕ್ಲಬ್ಬಿನೊಳಗಿನ ಮೊದಲ ಪಂದ್ಯದಲ್ಲಿ ಪ್ರಮೀಳಾಳ ಜೋಡಿಯೇ ನಮ್ಮ ಎದುರು. ನನ್ನ ಚಿಕ್ಕಮ್ಮ ಮೊದಲ ಶಟ್ಲನ್ನೇ ಹಬ್ಬದ ದಿನ ತೆಂಗಿನಕಾಯಿ ತಟ್ಟೆಯಲ್ಲಿಟ್ಟು ಒಪ್ಪಿಸಿದ ಹಾಗೆ ಪ್ರಮೀಳಾಳ ತಲೆಯ ಮೇಲೆ ಎತ್ತಿ ಕೊಟ್ಟಳು. ಧಡ್. ಎರಡನೆಯದ್ದೂ ಹಾಗೆಯೇ. ಧಡ್. ಐದನೆಯದ್ದಕ್ಕೆ ನಾನು ಹತ್ತಿರ ಹೋಗಿ ಹಲ್ಲು ಕಚ್ಚಿ ಕೇಳಿದೆ:

"ಯಾಕೆ ಎತ್ತಿ ಕೊಡ್ತಿದ್ದೀ?"

"ಅವಳು ಹೊಡೆಯುವ ಮೊದಲು ಎಡಗೈಯ ಕಿರುಬೆರಳು ಬಿಡಿಸ್ತಾಳೆ. ನೇರ ಹೊಡೆಯುವಾಗ ಮಾತ್ರವಾ, ಅಡ್ಡ ಹೊಡೆಯುವಾಗಲೂ ಹೌದಾ ಅಂತ ನೋಡುವ."

"ನೋಡುವ ಅಂತೆ. ನಾವು ಸೋಲ್ತಾ ಇದ್ದೇವೆ."

"ಸೋಲ್ತಾ ಇರುವಾಗಲೇ ಅಲ್ಲವಾ ಅವಳು ಹೊಡೆಯುವುದು?"

ಆರು ಅಂಕದ ಆ ದಿನ ಇದೇ. ನಾನು ಟವೆಲ್ಲಿನಿಂದ ಮುಖ ತೆಗೆಯುವಾಗ ಅವಳು ನೆಟ್ಟಿನ ಆಚೆ ಪ್ರಮೀಳಾಳ ಪಕ್ಕ ಕೂತು ಅವಳ ಕಿರುಬೆರಳನ್ನು ಹಿಡಿದು ನೋಡುತ್ತಿದ್ದಳು. ಪ್ರಮೀಳಾ ತನ್ನ ಬೆರಳನ್ನು ಅದೇ ಮೊದಲ ಸಲ ನೋಡುತ್ತಿದ್ದ ಹಾಗಿತ್ತು.

ಎರಡು ದಿನ ನಾನು ಮಾತಾಡಲಿಲ್ಲ. ಚಿಕ್ಕಮ್ಮ ಮಾತಾಡದಿರುವವರನ್ನು ಕೂಡಾ ಕುತೂಹಲದಿಂದ ನೋಡುವವಳು. "ನಿನಗೆ ಸಿಟ್ಟು ಬಂದಾಗ ಊಟ ಜಾಸ್ತಿ ಸೇರ್ತದೆ, ಗೊತ್ತುಂಟಾ?" ಅಂದಳು. ಅದು ನಿಜವಾಗಿತ್ತು, ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ಮೂರನೇ ದಿನ ನಾನು ಕೋಟಿನ ವಿಷಯ ಹೇಳಿದೆ. ತಂಡಕ್ಕೆ ಒಂದೇ ಜೋಡಿ ಆರಿಸುವುದು, ಮುಂದಿನ ವರ್ಷ ಪ್ರಾಜೆಕ್ಟು, ಇದು ನನ್ನ ಕೊನೆಯ ಅವಕಾಶ, ನಿನಗೆ ಆಟದಲ್ಲಿ ಆಸೆ ಇಲ್ಲದಿದ್ದರೆ ನನ್ನನ್ನು ಬಿಟ್ಟುಬಿಡು, ಬೇರೆ ಜೋಡಿ ನೋಡಿಕೊಳ್ಳುತ್ತೇನೆ.

ಅವಳು ಒಂದು ಒಪ್ಪಂದ ಮುಂದಿಟ್ಟಳು. "ಮೂರು ಗೇಮಲ್ಲವಾ ಆಡ್ಲಿಕ್ಕೆ ಇರುವುದು? ಮೊದಲಿನದ್ದು ನನಗೆ ಬಿಡು. ನನಗೆ ಬೇಕಾದದ್ದು ನೋಡಿಕೊಳ್ತೇನೆ. ಆಮೇಲಿನ ಎರಡು ನಿನ್ನದು. ನೀನು ಹೇಳಿದ ಹಾಗೆ ಆಡ್ತೇನೆ, ಒಂದು ಪ್ರಶ್ನೆಯೂ ಕೇಳುವುದಿಲ್ಲ."

"ಮೊದಲ ಗೇಮು ಬೇಕಂತಲೇ ಸೋಲುವುದಾ?"

"ಸೋಲುವುದಲ್ಲ. ನೋಡುವುದು."

ನಿಮಗೆ ನಗು ಬರಬಹುದು. ನನಗೂ ಬಂತು. ಬೇರೆ ಜೋಡಿ ಯಾರೂ ಸಿಗದ ಕಾರಣ ಒಪ್ಪಿದೆ. ಒಪ್ಪಿದ ಮೇಲೆ ನಡೆದದ್ದೇ ಆಶ್ಚರ್ಯ. ಮೊದಲ ಗೇಮು ಮುಗಿಯುವಾಗ ಅವಳಿಗೆ ಎದುರಿನವರ ಜಾತಕ ಗೊತ್ತಾಗಿರುತ್ತಿತ್ತು. "ದಪ್ಪ ಜಡೆಯವಳು ಬ್ಯಾಕ್‌ಹ್ಯಾಂಡ್ ಬಂದರೆ ಉಸಿರು ಹಿಡಿಯುತ್ತಾಳೆ, ಎರಡು ಸಲ ಸಾಲಾಗಿ ಕೊಟ್ಟರೆ ಮೂರನೆಯದ್ದಕ್ಕೆ ಉಸಿರಿಲ್ಲ. ಕನ್ನಡಕದವಳು ಅಂಕ ಕಳಕೊಂಡ ಕೂಡಲೇ ಶೂ ಲೇಸ್ ನೋಡ್ತಾಳೆ, ಆಗ ಬೇಗ ಸರ್ವ್ ಮಾಡು." ನಾನು ಬೇಗ ಸರ್ವ್ ಮಾಡುತ್ತಿದ್ದೆ. ಎರಡನೇ ಗೇಮು ನಮ್ಮದು, ಮೂರನೆಯದ್ದೂ ನಮ್ಮದು. ಕ್ಲಬ್ಬಿನ ಐದು ಜೋಡಿಗಳನ್ನೂ ಹೀಗೆಯೇ ಸೋಲಿಸಿದೆವು, ಪ್ರಮೀಳಾಳ ಜೋಡಿಯನ್ನೂ. ಎಲ್ಲವೂ ಮೂರು ಗೇಮು. ಸರ್ ಒಂದು ದಿನ ಕೈಗಡಿಯಾರ ನೋಡಿಕೊಂಡು, "ಒಮ್ಮೆಯಾದರೂ ಎರಡರಲ್ಲಿ ಮುಗಿಸ್ಲಿಕ್ಕೆ ಆಗುವುದಿಲ್ಲವಾ ಚಿಕ್ಕಮ್ಮ? ನನ್ನ ಬಸ್ಸು ತಪ್ತದೆ" ಅಂದರು. ಆ ದಿನದ ಅವರ ಮಾತೆಲ್ಲ ಅಲ್ಲಿಗೆ ಖರ್ಚಾಗಿರಬೇಕು, ನಾವು ತಂಡಕ್ಕೆ ಆಯ್ಕೆಯಾದ ಸುದ್ದಿಯನ್ನು ಅವರು ಬರೀ ಕಾಗದ ಅಂಟಿಸಿ ತಿಳಿಸಿದರು.

ಕೋಟು ಸಿಕ್ಕಿತು. ಕನ್ನಡಿಯ ಮುಂದೆ ಹಾಕಿ ನಿಂತೆ. ಭುಜ ಸ್ವಲ್ಪ ದೊಡ್ಡದಾಗಿತ್ತು, ಸೆಕೆಗೆ ಬೆನ್ನು ಚುಚ್ಚುತ್ತಿತ್ತು, ಆದರೂ ನಾಲ್ಕು ದಿಕ್ಕಿನಿಂದ ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಅಮ್ಮ ಅದನ್ನು ಎಷ್ಟು ಜನರಿಗೆ ಕಳಿಸಿದಳೆಂದರೆ, ದೂರದ ಮಸ್ಕತ್ತಿನಲ್ಲಿರುವ ಮಾವ "ಯಾವ ಕಂಪೆನಿಯಲ್ಲಿ ಕೆಲಸ?" ಅಂತ ಕೇಳಿದರು. ಚಿಕ್ಕಮ್ಮ ತನ್ನ ಕೋಟಿನ ಒಳಗಡೆಯ ಹೊಲಿಗೆ ಬಿಡಿಸಿ, ಭುಜದಲ್ಲಿ ಎಂತ ತುಂಬಿಸಿದ್ದಾರೆ ಅಂತ ನೋಡುತ್ತಿದ್ದಳು.

ಆ ವರ್ಷ ಅಂತರ ವಿಶ್ವವಿದ್ಯಾಲಯ ಪಂದ್ಯಾಟ ನಮ್ಮ ಮೂಡುಬಿದಿರೆಯಲ್ಲೇ. ಎರಡು ಸಿಂಗಲ್ಸ್, ಕೊನೆಗೆ ಒಂದು ಡಬಲ್ಸ್. ಮೂರರಲ್ಲಿ ಎರಡು ಗೆದ್ದ ತಂಡ ಮುಂದೆ. ಸಿಂಗಲ್ಸಿಗೆ ಪ್ರಮೀಳಾ ಮತ್ತು ಇನ್ನೊಬ್ಬಳು, ಡಬಲ್ಸಿಗೆ ನಾವು. ನಮ್ಮಲ್ಲಿ ಯಾರಿಗಾದರೂ ಆಗದಿದ್ದರೆ ಅಂತ ದೀಕ್ಷಾ ಎಂಬ ಮೊದಲ ವರ್ಷದ ಹುಡುಗಿ. ಅವಳು ಎಷ್ಟು ಹೆದರುಪುಕ್ಕಿಯೆಂದರೆ, ಚಪ್ಪಾಳೆ ತಟ್ಟಿದರೂ ಬೆಚ್ಚುತ್ತಿದ್ದಳು.

ಮೊದಲ ದಿನ ಎರಡು ಸುತ್ತು. ಎರಡರಲ್ಲೂ ಒಂದೊಂದು ಸಿಂಗಲ್ಸ್ ಹೋಗಿ, ತೀರ್ಮಾನ ನಮ್ಮ ತಲೆಯ ಮೇಲೆ ಬಂತು. ಮೊದಲ ಸುತ್ತು ಗೆದ್ದೆವು. ಎರಡನೇ ಸುತ್ತಿನಲ್ಲಿ ಹೊರರಾಜ್ಯದ ತಂಡದ ಎದುರು ಮೊದಲ ಗೇಮಿನಲ್ಲಿ ಚಿಕ್ಕಮ್ಮ ತನ್ನ ಪದ್ಧತಿಯಂತೆ ಎತ್ತಿ ಕೊಟ್ಟಳು, ತಗ್ಗಿಸಿ ಕೊಟ್ಟಳು, ಶಟ್ಲು ಬದಲಾಯಿಸುವ ನೆಪದಲ್ಲಿ ನೆಟ್ಟಿನ ಹತ್ತಿರ ಹೋಗಿ ಎದುರಿನವಳ ಹತ್ತಿರ ತನ್ನ ಹರಕು ಹಿಂದಿಯಲ್ಲಿ "ನಿಮ್ಮ ಬ್ಯಾಟಿನ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ್ದಾ?" ಅಂತ ಕೇಳಿದಳು. ಅಂಪೈರು ಎಚ್ಚರಿಕೆ ಕೊಟ್ಟರು. ಎದುರಿನವಳು ಮಾತ್ರ ಖುಷಿಯಿಂದ ಹೌದು ಅಂತ ತಲೆಯಾಡಿಸಿದಳು. ಎರಡನೆಯದ್ದು ಗೆದ್ದೆವು. ಮೂರನೆಯದ್ದರಲ್ಲಿ ಇಪ್ಪತ್ತು ಹದಿನೆಂಟು. ಒಂದು ಅಂಕ ಸಾಕು. ಎತ್ತರದ ಶಟ್ಲು ನನ್ನ ಕಡೆ ಬಂತು. ಹಾರಿದೆ, ಹೊಡೆದೆ. ಶಟ್ಲು ಆಚೆ ನೆಲ ಮುಟ್ಟಿದ್ದು ನಾನು ನೋಡಿದೆ. ಈಚೆ ನನ್ನ ಬಲಗಾಲು ನೆಲ ಮುಟ್ಟಿದ್ದು ಪಾದದ ಅಂಚಿನ ಮೇಲೆ.

ಎಲ್ಲರೂ ಓಡಿ ಬಂದರು. ಸರ್ "ನೀರು, ನೀರು" ಅಂದರು. ಪ್ರಮೀಳಾ ಅಳತೊಡಗಿದಳು. ಚಿಕ್ಕಮ್ಮ ನನ್ನ ಪಕ್ಕ ಮಂಡಿಯೂರಿ ಕೂತು, ನನ್ನ ಮುಖಕ್ಕೆ ಮುಖ ಹತ್ತಿರ ತಂದು ಕೇಳಿದ್ದು ಇದು:

"ಶಬ್ದ ಬಂತಾ?"

"ಬಂತು."

"ಎಂಥ ಶಬ್ದ?"

"ಒಣ ಕಡ್ಡಿ ಮುರಿದ ಹಾಗೆ" ಅಂದೆ, ನೋವಿನಲ್ಲಿ ಅವಳನ್ನು ಬೈಯಲಿಕ್ಕೂ ಆಗದೆ. ದೀಕ್ಷಾ ಅವಳನ್ನು ನೋಡಿದ ನೋಟದಲ್ಲಿ, ಇವಳಿಗೆ ಹೃದಯವೇ ಇಲ್ಲವಾ ಅನ್ನುವ ಪ್ರಶ್ನೆ ಇತ್ತು. ನನ್ನಲ್ಲೂ ಅದೇ ಇತ್ತು. ಆಸ್ಪತ್ರೆಯಲ್ಲಿ ಉಳುಕು ಅಂತ ಬ್ಯಾಂಡೇಜು ಕಟ್ಟಿ ಕಳಿಸಲಿಕ್ಕೆ ಹೊರಟ ಡಾಕ್ಟರಿಗೆ ಅವಳು "ಒಣ ಕಡ್ಡಿ ಮುರಿದ ಹಾಗೆ ಶಬ್ದ ಬಂದಿದೆಯಂತೆ" ಅಂತ ಹೇಳಿದಳು. ಅವರು ಎಕ್ಸ್‌ರೇ ತೆಗೆಸಿದರು. ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು. ಆರು ವಾರ ಕಾಲು ನೆಲಕ್ಕೆ ಊರುವ ಹಾಗಿಲ್ಲ.

ಅಪ್ಪ ಕಾರು ತಂದು ನನ್ನನ್ನು ಬೆಳ್ತಂಗಡಿಗೆ ಕರೆದುಕೊಂಡು ಹೋದರು. ಮರುದಿನ ಬೆಳಿಗ್ಗೆ ಕ್ವಾರ್ಟರ್ ಫೈನಲ್. ನನ್ನ ಜಾಗದಲ್ಲಿ ದೀಕ್ಷಾ. ನಾನು ಚಾವಡಿಯ ಮಂಚದಲ್ಲಿ ಎರಡು ದಿಂಬಿನ ಮೇಲೆ ಕಾಲಿಟ್ಟುಕೊಂಡು, ಫೋನು ಎದೆಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದೆ. ಪ್ರಮೀಳಾ ಮೆಸೇಜು ಮಾಡುತ್ತಿದ್ದಳು. ಅವಳು ತನ್ನ ಸಿಂಗಲ್ಸ್ ಗೆದ್ದಿದ್ದಳು, ಇನ್ನೊಬ್ಬಳು ಸೋತಿದ್ದಳು. ಮತ್ತೆ ಡಬಲ್ಸಿನ ಮೇಲೆಯೇ ಬಂತು.

"ಮೊದಲ ಗೇಮು 21–8" ಅಂತ ಬಂತು.

ಎಂಟು ಅಂಕವಾದರೂ ಬಂತಲ್ಲ ಅಂತ ಸಮಾಧಾನ ಮಾಡಿಕೊಂಡೆ. ಮೊದಲ ಗೇಮು ಹೇಗೂ ಚಿಕ್ಕಮ್ಮನದ್ದು. "ಪರವಾಗಿಲ್ಲ, ಇನ್ನು ಶುರು" ಅಂತ ಬರೆದೆ.

"ಎಂತ ಪರವಾಗಿಲ್ಲ? 21 ನಮ್ಮದು."

ನಾನು ಎದ್ದು ಕೂರಲು ಹೋಗಿ ಕಾಲು ನೋಯಿಸಿಕೊಂಡೆ. ಇಪ್ಪತ್ತು ನಿಮಿಷದ ಒಳಗೆ ಇನ್ನೊಂದು ಮೆಸೇಜು. ಎರಡನೆಯದ್ದು 21–11. ಗೆದ್ದಾಯಿತು. ಚಿಕ್ಕಮ್ಮ ಒಂದೇ ಒಂದನ್ನೂ ಎತ್ತಿ ಕೊಡಲಿಲ್ಲವಂತೆ. ಸಿಕ್ಕಿದ್ದನ್ನೆಲ್ಲ ಹೊಡೆದು ಮುಗಿಸಿದಳಂತೆ. ಎದುರಿನವರ ಹತ್ತಿರ ಒಂದು ಮಾತಿಲ್ಲ. ಸರ್ ಕುರ್ಚಿಯಿಂದ ಎದ್ದು ನಿಂತರಂತೆ.

ನಾನು ಸಂತೋಷ ಪಡಬೇಕಿತ್ತು. ಅಮ್ಮ ಅಡುಗೆಮನೆಯಿಂದ "ಗೆದ್ದರಾ?" ಅಂತ ಕೇಳಿದ್ದಕ್ಕೆ "ಹೌದು" ಅಂದೆ. ಆಮೇಲೆ ಗೋಡೆಯ ಕಡೆ ತಿರುಗಿದೆ. ಒಂದು ವರ್ಷ ನಾನು ಬೇಡಿದೆ, ಬೈದೆ, ಮಾತು ಬಿಟ್ಟೆ, ಅತ್ತೆ. ನನ್ನ ಜೊತೆ ಆಡಿದ ಒಂದೇ ಒಂದು ಪಂದ್ಯವನ್ನೂ ಅವಳು ಎರಡು ಗೇಮಿನಲ್ಲಿ ಗೆದ್ದು ಮುಗಿಸಲಿಲ್ಲ. ಚಪ್ಪಾಳೆಗೆ ಬೆಚ್ಚುವ ಹುಡುಗಿಯ ಜೊತೆ ಮೊದಲ ದಿನವೇ ಮುಗಿಸಿದಳು. ಹಾಗಾದರೆ ನನ್ನ ಆಟ ಅವಳಿಗೆ ಏನಾಗಿತ್ತು? ಆ ಕೆಟ್ಟ ಯೋಚನೆಯನ್ನು ಊಟದ ತನಕ, ಊಟದ ಮೇಲೆಯೂ ತಲೆಯೊಳಗೆ ಹಾಕಿ ತಿರುಗಿಸಿದೆ. ಮಧ್ಯಾಹ್ನದ ಸೆಮಿಫೈನಲ್ಲಿನಲ್ಲಿ ಎರಡೂ ಸಿಂಗಲ್ಸ್ ಹೋಗಿ, ಡಬಲ್ಸ್ ಆಡುವ ಅಗತ್ಯವೇ ಬೀಳದೆ ತಂಡ ಸೋತಿತು ಅಂತ ಸುದ್ದಿ ಬಂದಾಗ ಕೂಡಾ, ನನಗೆ ತಂಡದ ಬೇಸರಕ್ಕಿಂತ ನನ್ನ ಬೇಸರವೇ ದೊಡ್ಡದಾಗಿತ್ತು. ನಾಚಿಕೆಯ ವಿಷಯ, ಆದರೆ ಹಾಗೆಯೇ ಇತ್ತು.

ಸಂಜೆ ಐದೂವರೆಗೆ ಚಿಕ್ಕಮ್ಮ ಬಂದಳು. ಪುಂಜಾಲಕಟ್ಟೆಗೆ ಹೋಗುವವಳು ಗುರುವಾಯನಕೆರೆಯಲ್ಲಿ ಬಸ್ಸು ಬದಲಾಯಿಸದೆ ನೇರ ಬೆಳ್ತಂಗಡಿಗೆ ಬಂದಿದ್ದಳು. ಆಟದ ಬಟ್ಟೆಯಲ್ಲೇ ಇದ್ದಳು. ಅಮ್ಮ ಕೊಟ್ಟ ಚಹಾ ಹಿಡಿದುಕೊಂಡು ನನ್ನ ಮಂಚದ ಹತ್ತಿರ ಸ್ಟೂಲು ಎಳೆದು ಕೂತಳು. ನಾನು ಫ್ಯಾನು ನೋಡಿದೆ.

"ಎರಡೇ ಗೇಮಿನಲ್ಲಿ ಮುಗಿಸಿದಿಯಂತೆ" ಅಂದೆ.

"ಹೌದು."

"ಏನೂ ನೋಡಲಿಲ್ಲವಾ?"

"ಇಲ್ಲ."

"ಯಾಕೆ, ನೋಡ್ಲಿಕ್ಕೆ ಏನೂ ಇರಲಿಲ್ಲವಾ?"

"ಇತ್ತು" ಅಂದಳು. "ಒಬ್ಬಳು ಎಡಗೈಯವಳು. ಪ್ರತಿ ಸಲ ಸರ್ವ್ ಮಾಡುವ ಮೊದಲು ಒಂದು ಕ್ಷಣ ಕಣ್ಣು ಮುಚ್ತಿದ್ದಳು. ಯಾಕೆ ಅಂತ ನೋಡುವ ಅಂತ ಒಮ್ಮೆ ಅನಿಸಿತು."

"ಮತ್ತೆ?"

ಅವಳು ಚಹಾದ ಲೋಟವನ್ನು ಎರಡೂ ಕೈಯಲ್ಲಿ ತಿರುಗಿಸಿದಳು. "ನೋಡಿ ಎಂತ ಮಾಡುವುದು? ಬಸ್ಸಿನಲ್ಲಿ ನೀನಿಲ್ಲ."

ಮೂಡುಬಿದಿರೆ ಸ್ಟ್ಯಾಂಡಿನಿಂದ ಗುರುವಾಯನಕೆರೆಯವರೆಗೆ, ಪ್ರತಿ ಶನಿವಾರ, ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಅವಳು ವಾರವಿಡೀ ಕಂಡದ್ದನ್ನು ಹೇಳುತ್ತಿದ್ದಳು. ಯಾರ ಬೆರಳು, ಯಾರ ಉಸಿರು, ಯಾರ ಶೂ ಲೇಸು. ನಾನು ಕಿಟಕಿಗೆ ತಲೆ ಕೊಟ್ಟು ಕೂರುತ್ತಿದ್ದೆ. ಎಷ್ಟೋ ಸಲ ನಿದ್ರೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡದ್ದೂ ಉಂಟು. ಅವಳು ನಿಲ್ಲಿಸುತ್ತಿರಲಿಲ್ಲ, ಸ್ವರ ಸ್ವಲ್ಪ ತಗ್ಗಿಸುತ್ತಿದ್ದಳು ಅಷ್ಟೇ. ಕಂಡದ್ದರಿಂದ ಹೇಳುತ್ತಾಳೆ ಅಂತಲೇ ನಾನು ಇಷ್ಟು ದಿನ ತಿಳಿದುಕೊಂಡಿದ್ದೆ, ನನಗೆ ಹೇಳಲಿಕ್ಕೆಂದೇ ನೋಡುತ್ತಾಳೆ ಅಂತ ಅಲ್ಲ.

ಅವಳು ಲೋಟ ಕೆಳಗಿಟ್ಟು ಸ್ಟೂಲನ್ನು ಇನ್ನೂ ಹತ್ತಿರ ಎಳೆದಳು. ನಿನ್ನೆಯಿಂದ ಮನೆಗೆ ಬಂದವರೆಲ್ಲ ನೋವುಂಟಾ, ಎಷ್ಟು ದಿನಕ್ಕೆ ಗುಣವಾಗುತ್ತದೆ, ಇನ್ನು ಆಟ ಬೇಡ ಅಂತ ಹೇಳಿ ಹೋಗಿದ್ದರು.

"ಈಗ ಹೇಳು" ಅಂದಳು. "ನೀನು ಹಾರಿದೆಯಲ್ಲ, ಆಗ ಮೇಲೆ ಏನು ಕಂಡಿತು?"

"ಲೈಟು" ಅಂದೆ. "ಮತ್ತೆ ಒಂದು ಪಾರಿವಾಳ. ಮಾಡಿನ ಕಬ್ಬಿಣದ ತೊಲೆಯ ಮೇಲೆ ಕೂತಿತ್ತು."

"ಯಾವ ಕಡೆ ಮುಖ ಮಾಡಿ?"

ಕೇಳುತ್ತಲೇ ಅವಳು ನನ್ನ ಕಾಲನ್ನು ದಿಂಬು ಸಮೇತ ಮೆಲ್ಲಗೆ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ನಾನು ಕಣ್ಣು ಮುಚ್ಚಿ, ಆ ಪಾರಿವಾಳದ ಮುಖ ಯಾವ ಕಡೆಗಿತ್ತು ಅಂತ ನೆನಪು ಮಾಡಿಕೊಳ್ಳತೊಡಗಿದೆ.